ಒಂದು ಗುಟುಕು

ಮೂವತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಹುದುಗುವಿಕೆ ಎಂದರೆ ನನ್ನ ತರಗತಿಯಲ್ಲಿ ಮೊಸರು, ಬ್ರೆಡ್ಡು, ಅಷ್ಟೇ. ಮದ್ಯದ ಮಾತು ಬಂದರೆ ಪುಟ ತಿರುಗಿಸಿಬಿಡುತ್ತಿದ್ದೆ. ಅಪ್ಪನ ಕುಡಿತ ಕಂಡು ಬೆಳೆದವನು ನಾನು. ಹಾಲಿನ ಪಾಠದಲ್ಲಿ ಬರುವ ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಕುರಿತೇ ಗ್ರಂಥ ಬರೆದಿದ್ದನ್ನೂ ಹೇಳುತ್ತಿರಲಿಲ್ಲ.

ಮೊನ್ನೆ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ತಾನು ಹೊಸದಾಗಿ ತೆರೆದ ಪುಟ್ಟ ಬ್ರೂವರಿಗೆ ಕರೆದೊಯ್ದ. ಸ್ಟೀಲ್ ಟ್ಯಾಂಕುಗಳ ಮುಂದೆ ಅವನೇ ಮೇಷ್ಟ್ರು: "ಮೊಳಕೆ ಬಂದ ಬಾರ್ಲಿಯ ಪಿಷ್ಟ ಸಕ್ಕರೆಯಾಗುತ್ತೆ ಸಾರ್. ಯೀಸ್ಟ್ ಅದನ್ನ ಆಲ್ಕೋಹಾಲ್, ಇಂಗಾಲದ ಡೈಆಕ್ಸೈಡ್ ಮಾಡುತ್ತೆ. ಈ ಕಪ್ಪು ಬಣ್ಣ ಕಾಳು ಹುರಿದದ್ದರಿಂದ, ಕಾಫಿ ಬೀಜದ ಹಾಗೆ." ಸಣ್ಣ ಲೋಟ ಮುಂದಿಟ್ಟು, "ಬಲವಂತವಿಲ್ಲ ಸಾರ್" ಎಂದ.

ಒಂದು ಗುಟುಕು ಕುಡಿದೆ. ಸಕ್ಕರೆಯಿಲ್ಲದ ಡಿಕಾಕ್ಷನ್ನಿನ ಕಹಿ, ಹಿಂದೆಯೇ ಹುರಿದ ಕಾಳಿನ ಘಮ. ಅಪ್ಪನ ಅಂಗಿಯ ವಾಸನೆ ಅದರಲ್ಲಿರಲಿಲ್ಲ. ಆದರೂ ಲೋಟ ಕೆಳಗಿಟ್ಟೆ.

ರಾತ್ರಿ ಪಿಯುಸಿ ಓದುವ ಮಗಳು, "ಅಪ್ಪಾ, ಕುಡಿದ್ಯಾ?" ಎಂದಳು. "ಒಂದು ಗುಟುಕು" ಎಂದೆ. ಆಮೇಲೆ ಅವಳ ಅಜ್ಜನ ಕಥೆಯನ್ನು ಮೊದಲ ಬಾರಿಗೆ ಪೂರ್ತಿ ಹೇಳಿದೆ. ಹುದುಗುವಿಕೆಯ ಪಾಠವನ್ನೂ ಇನ್ನು ಮೇಲೆ ಪೂರ್ತಿ ಮಾಡಬೇಕು.