ಒಂದು ಸಿಮ್ ಕಾರ್ಡಿನ ನೆನಪು

2007ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ಪದವಿಯ ಆಕಾಂಕ್ಷಿ ಬರಾಕ್ ಒಬಾಮ ಭಯೋತ್ಪಾದನೆಯ ವಿರುದ್ಧ ತಮ್ಮ ಯೋಜನೆಯನ್ನು ಮಂಡಿಸಿದರು. ಹಲವು ದೇಶಗಳ ಪೊಲೀಸ್ ಮತ್ತು ಗುಪ್ತಚರ ವ್ಯವಸ್ಥೆಗಳನ್ನು ಒಂದುಗೂಡಿಸಲು ಮೂರು ವರ್ಷಗಳಲ್ಲಿ 500 ಕೋಟಿ ಡಾಲರ್. ಅಸರ್ ನಮಾಝ್ ಮುಗಿಸಿ ಚಹಾಕ್ಕೆ ಕೂತಾಗ ಗೆಳೆಯರು, "ಇರಾಕಿನ ಮೇಲೆ ಬಾಂಬು ಹಾಕಿದ್ದಕ್ಕಿಂತ ಇದು ವಾಸಿಯಲ್ಲವೇ ಸಾಹೇಬ್ರೇ?" ಎಂದರು. ವಾಸಿಯೇ. ಆದರೂ ನಮ್ಮ ಬಾಯಿಂದ 'ಹೌದು' ಎಂಬ ಮಾತು ಸಲೀಸಾಗಿ ಹೊರಡಲಿಲ್ಲ.

ಮೂರು ದಿನಗಳ ಹಿಂದಷ್ಟೇ ಡಾ. ಮುಹಮ್ಮದ್ ಹನೀಫ್ ಬೆಂಗಳೂರಿಗೆ ಮರಳಿದ್ದರು. ಹೆರಿಗೆಯಾದ ಹೆಂಡತಿಯನ್ನು, ಮಗುವನ್ನು ನೋಡಲು ಹೊರಟವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದಿದ್ದರು. ಬ್ರಿಟನ್‌ನಲ್ಲಿದ್ದ ಸಂಬಂಧಿಗೆ ಬಿಟ್ಟುಬಂದ ಸಿಮ್ ಕಾರ್ಡೇ ಕಾರಣ. ಎರಡು ದೇಶಗಳ ಪೊಲೀಸರು ಸಹಕರಿಸಿದ್ದರು. ಆರೋಪ ಹೊರಿಸದೆಯೇ ಹನ್ನೆರಡು ದಿನ ಕೂಡಿಟ್ಟರು. ಆ ಕಾರ್ಡು ಗ್ಲಾಸ್ಗೋ ದಾಳಿಯ ಜೀಪಿನಲ್ಲಿತ್ತೆಂದು ನ್ಯಾಯಾಲಯಕ್ಕೆ ಹೇಳಿದರು. ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ! ಜಾಮೀನು ಸಿಕ್ಕ ದಿನವೇ ಸರಕಾರ ವೀಸಾ ರದ್ದು ಮಾಡಿತು. ಜುಲೈ 27ಕ್ಕೆ ಮೊಕದ್ದಮೆಯನ್ನೇ ಕೈಬಿಟ್ಟರು.

"ಅಲ್ಲಿ ತಪ್ಪನ್ನು ತಿದ್ದಿಕೊಂಡರಲ್ಲ" ಎಂದ ಗೆಳೆಯರ ಮಾತೂ ಸುಳ್ಳಲ್ಲ. 2008ರಲ್ಲಿ ಕ್ಲಾರ್ಕ್ ವಿಚಾರಣೆ ಅವರನ್ನು ನಿರ್ದೋಷಿ ಎಂದಿತು. ಆದರೆ ಆ 500 ಕೋಟಿಯಲ್ಲಿ ಇಂಥ ತಿದ್ದುಪಡಿಗೆಂದು ಎಷ್ಟು? ನಮ್ಮ ಪ್ರಶ್ನೆ ಅಷ್ಟೇ ಆಗಿತ್ತು.

ಆ ವರ್ಷ ನಮ್ಮ ತಂಗಿಯ ಮಗ ಓದಲು ಇಂಗ್ಲೆಂಡಿಗೆ ಹೊರಟಿದ್ದ. ತಂಗಿ ಉಪ್ಪಿನಕಾಯಿ ಕಟ್ಟುತ್ತಲೇ, "ಸಿಮ್ ಯಾರಿಗೂ ಕೊಡಬೇಡ ಬೇಟಾ" ಎಂದಳು.