ನಲ್ಲಿ ನೀರಿನ ಹಿಂದಿನ ಕಾಡು

ಮಂಗಳೂರಿನಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಎಲ್ಲಿಂದ ಎಂದು ಕೇಳಿದರೆ ‘ತುಂಬೆಯಿಂದ’ ಎಂದು ಶಾಲೆಗೆ ಹೋಗುವ ಮಕ್ಕಳೂ ಹೇಳುತ್ತಾರೆ. ತುಂಬೆಗೆ ಎಲ್ಲಿಂದ ಎಂದರೆ ನೇತ್ರಾವತಿಯಿಂದ. ನೇತ್ರಾವತಿಗೆ ಎಲ್ಲಿಂದ? ಈ ಮೂರನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಘಟ್ಟ ಹತ್ತಬೇಕು.

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಗಂಗಾಮೂಲ ಎಂಬ ಜಾಗವಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಆ ಬೆಟ್ಟ ಸಾಲಿನಲ್ಲಿ. ನೇತ್ರಾವತಿ ಪಶ್ಚಿಮಕ್ಕಿಳಿದು ನಮ್ಮ ಕಡಲು ಸೇರುತ್ತಾಳೆ. ತುಂಗಾ ಮತ್ತು ಭದ್ರಾ ಕೂಡ್ಲಿಯಲ್ಲಿ ಒಂದಾಗಿ, ಬಯಲುಸೀಮೆಯ ಹೊಲಗಳನ್ನು ತಣಿಸಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ.

ಕಾರ್ಕಳದಿಂದ ಬಜಗೋಳಿ, ಮಾಳದ ಮೂಲಕ ಘಟ್ಟ ಹತ್ತುವ ರಸ್ತೆಯಲ್ಲಿ ಹೋದವರಿಗೆ ಅಲ್ಲಿನ ಬೆಟ್ಟಗಳ ರೂಪ ಗೊತ್ತಿರುತ್ತದೆ. ನೆತ್ತಿಯ ಮೇಲೆಲ್ಲ ಹುಲ್ಲು, ಕಣಿವೆಗಳಲ್ಲಿ ಮಾತ್ರ ಒತ್ತಾದ ಕಾಡು. ಇದೇ ಶೋಲಾ ಕಾಡು. ಬೋಳು ಗುಡ್ಡವೆಂದು ಕಾಣುವ ಆ ಹುಲ್ಲುಗಾವಲು ಬೋಳಲ್ಲ. ಮಳೆ ಹೊಡೆತಕ್ಕೆ ಮಣ್ಣು ಜಾರದಂತೆ ಹುಲ್ಲಿನ ಬೇರು ಹಿಡಿಯುತ್ತದೆ. ಕಣಿವೆಯ ತರಗೆಲೆ ಮಣ್ಣು ಆ ನೀರನ್ನು ಹೀರಿ ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಇಲ್ಲಿನ ಮಳೆಯಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಆದರೂ ಮಾರ್ಚಿನಲ್ಲಿ ತೊರೆ ಹರಿಯುತ್ತಿದ್ದರೆ ಅದು ಈ ಹುಲ್ಲು ಮತ್ತು ಕಾಡಿನ ಕೆಲಸ. ಈ ಕಾಡಿನ ಮೇಲ್ಛಾವಣಿಯಲ್ಲಿ ಸಿಂಗಳೀಕಗಳಿವೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇರದ ಈ ಕೋತಿಗಳು ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗದೆ ಹೋದರೆ ಅವುಗಳ ದಾರಿಯೇ ಕಡಿದುಹೋಗುತ್ತದೆ.

ಈ ಬೆಟ್ಟಗಳ ಒಡಲಲ್ಲಿ ಕಬ್ಬಿಣವೂ ಇತ್ತು. ಇರಾನಿಗೆ ಅದಿರು ಕಳಿಸುವ ಒಪ್ಪಂದದ ಮೇಲೆ 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಆರಂಭವಾಯಿತು. 1979ರ ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ, ಬೇರೆ ಗಿರಾಕಿಗಳು ಸಿಕ್ಕರು. ಬೆಟ್ಟ ಪುಡಿಯಾಗಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಯಿತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದಾಗಲೂ ಗಣಿ ನಡೆಯುತ್ತಲೇ ಇತ್ತು. ಕೊನೆಗೆ ಅರಣ್ಯಾಧಿಕಾರಿಯಾಗಿ ನಿವೃತ್ತರಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಯ ದಿನ ಗಣಿ ನಿಂತಿತು.

ಕಳಸದಲ್ಲಿ ನಮ್ಮ ಚಿಕ್ಕಪ್ಪನ ಮನೆಯಿದೆ. ಗಣಿಯಿದ್ದ ಕಾಲದಲ್ಲಿ ಮಳೆಗಾಲಕ್ಕೆ ಅಲ್ಲಿಗೆ ಹೋಗುವಾಗ ದಾರಿಯುದ್ದಕ್ಕೂ ಭದ್ರೆ ಇಟ್ಟಿಗೆ ಬಣ್ಣದಲ್ಲಿ ಹರಿಯುತ್ತಿದ್ದುದನ್ನು ನೋಡಿದ್ದೇನೆ. ಗಣಿ ನಿಂತು ಕೆಲವು ವರ್ಷಗಳಾದ ಮೇಲೆ ಅದೇ ರಸ್ತೆಯಲ್ಲಿ ನದಿಯ ತಳದ ಕಲ್ಲುಗಳು ಕಂಡಾಗ ಆದ ಸಂತೋಷವನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ಗಣಿಯ ಟೌನ್‌ಶಿಪ್ಪಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಜನ ಊರು ಬಿಟ್ಟ ಮೇಲೆ ಅಂಗಡಿಯ ಬಾಗಿಲೂ ಮುಚ್ಚಿತ್ತು.

“ಮುಚ್ಚಿದ್ದು ಸರಿಯೇ. ನೀರು ಕೆಟ್ಟರೆ ಯಾರಿಗೆ ಒಳ್ಳೆಯದು?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಮುಚ್ಚುವಾಗ ನಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಮಗಾ. ನಾವಾದರೂ ಬೇರೆ ಊರಿಗೆ ಹೋಗಿ ಅಂಗಡಿ ಇಡಬಹುದು. ಕಾಡಿನೊಳಗಿರುವ ಮಲೆಕುಡಿಯರು ಎಲ್ಲಿಗೆ ಹೋಗುವುದು?” ಎಂದು ಕೇಳಿದರು.

ಆ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಉದ್ಯಾನ ಬರುವುದಕ್ಕೆ ತಲೆಮಾರುಗಳ ಮೊದಲೇ ಮಲೆಕುಡಿಯರು, ಗೌಡಲು ಜನ ಅಲ್ಲಿದ್ದರು. ಬೆಟ್ಟವನ್ನು ಪುಡಿ ಮಾಡಿದವರು ಅವರಲ್ಲ. ಆದರೆ ರಾಷ್ಟ್ರೀಯ ಉದ್ಯಾನದ ಕಾನೂನು ಮೊದಲು ತಡೆದದ್ದು ಅವರ ದನ ಮೇಯುವುದನ್ನು, ಅವರ ಮನೆಯ ದಾರಿಯನ್ನು. ಒಕ್ಕಲೆಬ್ಬಿಸುವ ಭಯದ ಆ ನೆಲದಲ್ಲೇ ನಕ್ಸಲ್ ಚಳುವಳಿಯೂ ಕಾಲೂರಿತು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರ ಹಕ್ಕನ್ನು ಒಪ್ಪಿಕೊಂಡಿತು. ಆದರೆ ಕಾಗದದ ಮೇಲಿನ ಹಕ್ಕಿಗೂ ಅಂಗಳಕ್ಕೆ ಬರುವ ರಸ್ತೆಗೂ ನಡುವಿನ ದೂರ ದೊಡ್ಡದು.

ಕಾಡು ಬೇಕೋ, ಮನುಷ್ಯ ಬೇಕೋ ಎಂಬ ಚರ್ಚೆ ಕೇಳುವಾಗ ನನಗನಿಸುವುದು ಇಷ್ಟೆ. ಪ್ರಶ್ನೆಯನ್ನು ಹಾಗೆ ಇಡುವುದರಿಂದ ಅನುಕೂಲವಾಗುವುದು ಎರಡಕ್ಕೂ ದೂರವಿರುವ ನಮಗೆ. ಕಾಡು ಉಳಿದರೆ ನೀರು ನಮಗೆ. ಕಾಡು ಉಳಿಸುವ ಬೆಲೆ ಮಾತ್ರ ಅಲ್ಲಿನವರಿಗೆ. ಹೋಗಬಯಸುವ ಕುಟುಂಬಕ್ಕೆ ನ್ಯಾಯವಾದ ಪರಿಹಾರ ಸಿಗಬೇಕು, ಅದೂ ಸಕಾಲದಲ್ಲಿ. ಉಳಿಯಬಯಸುವವರಿಗೆ ಶಾಲೆ, ಔಷಧಿ, ನಡೆದಾಡುವ ದಾರಿ ದಕ್ಕಬೇಕು. ಇದು ದಾನವಲ್ಲ, ಬಾಕಿ.

ನಗರದಲ್ಲಿ ನಾವು ಪ್ರತಿ ತಿಂಗಳು ನೀರಿನ ಬಿಲ್ಲು ಕಟ್ಟುತ್ತೇವೆ. ಅದರಲ್ಲಿ ಪಂಪಿನ ಖರ್ಚಿದೆ, ಪೈಪಿನ ಖರ್ಚಿದೆ. ಹುಲ್ಲಿನ ಬೇರಿಗೆ, ತರಗೆಲೆಯ ಮಣ್ಣಿಗೆ, ಆ ಮಣ್ಣಿನ ಮೇಲೆ ಬದುಕುವವರಿಗೆ ಸಲ್ಲಬೇಕಾದ ಸಾಲು ಯಾವ ಬಿಲ್ಲಿನಲ್ಲೂ ಇಲ್ಲ. ಬಿಲ್ಲಿನಲ್ಲಿ ಇಲ್ಲವೆಂದ ಮಾತ್ರಕ್ಕೆ ಸಾಲ ತೀರಿತೆಂದು ಅರ್ಥವೇ?