ನೊಂದವರ ಜೊತೆ ಕೂತು ಓದುವುದು

12 ಅಕ್ಟೋಬರ್ 2011, ಬುಧವಾರ
ಮೈಸೂರು

ದೆಹಲಿ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ ಎ.ಕೆ. ರಾಮಾನುಜನ್ ಅವರ ‘ಮುನ್ನೂರು ರಾಮಾಯಣಗಳು’ ಪ್ರಬಂಧವನ್ನು ಬಿ.ಎ. ಇತಿಹಾಸದ ಪಠ್ಯದಿಂದ ಕೈಬಿಟ್ಟಿದೆ. 9ನೇ ತಾರೀಖು ಆದ ತೀರ್ಮಾನ. ಸುಪ್ರೀಂ ಕೋರ್ಟಿನ ಮಾತಿನಂತೆ ನೇಮಕವಾದ ನಾಲ್ವರು ತಜ್ಞರಲ್ಲಿ ಮೂವರು ಪಾಠ ಇರಲಿ ಎಂದಿದ್ದರು. ಅವರ ಮಾತು ನಡೆಯಲಿಲ್ಲ. 2008ರ ಫೆಬ್ರವರಿಯಲ್ಲಿ ಇದೇ ಪ್ರಬಂಧದ ನೆಪದಲ್ಲಿ ಗುಂಪೊಂದು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿ, ಮುಖ್ಯಸ್ಥರ ಮೇಲೆ ಕೈ ಮಾಡಿತ್ತು. ಅಂದು ಬಲದಿಂದ ಕೇಳಿದ್ದನ್ನು ಇಂದು ಸಭೆ ನಡೆಸಿ ಕೊಟ್ಟಂತಾಯಿತು. ರಾಮಾನುಜನ್ ಈ ಊರಿನಲ್ಲೇ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ ಷಿಕಾಗೋಗೆ ಹೋದವರು. ಸಂಕಟ ಮನೆಯವರದೇ ಅನ್ನಿಸುತ್ತಿದೆ.

14 ಅಕ್ಟೋಬರ್, ಶುಕ್ರವಾರ

ಅದೇ ಪ್ರಬಂಧ ಓದುತ್ತಿರುವ ನನ್ನ ಎಂ.ಎ. ತರಗತಿಯ ಹುಡುಗಿಯೊಬ್ಬಳು ಕೋಣೆಗೆ ಬಂದಳು. “ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮಜ್ಜಿ ದಿನಾ ಪಾರಾಯಣ ಮಾಡ್ತಾರೆ. ಸೀತಮ್ಮ ರಾವಣನ ಮೂಗಿನಿಂದ ಹುಟ್ಟಿದಳು ಅಂತ ಓದೋವಾಗ ನಂಗೆ ಹಿಂಸೆ ಆಯ್ತು.”

ಅವಳ ಕಣ್ಣಲ್ಲಿ ನೀರಿತ್ತು. ಆ ನೋವು ನಿಜ. ಅದನ್ನು ಮೌಢ್ಯವೆಂದು ತಳ್ಳಿಹಾಕಿದರೆ ನಾನು ಮೇಷ್ಟರ ಕೆಲಸಕ್ಕೆ ಲಾಯಕ್ಕಲ್ಲ. ಆದರೆ ಆ ಕಥೆ ರಾಮಾನುಜನ್ ಕಟ್ಟಿದ್ದಲ್ಲ. ನಮ್ಮ ಅಸ್ಪೃಶ್ಯ ಗಾಯಕರು ಹಾಡಿದ್ದು; ರಾಮೇಗೌಡ, ಪಿ.ಕೆ. ರಾಜಶೇಖರ, ಬಸವಯ್ಯ ಅವರು ಸಂಗ್ರಹಿಸಿದ್ದು, 1973ರಲ್ಲಿ ಮೈಸೂರಿನಲ್ಲೇ ಅಚ್ಚಾದದ್ದು. ಮಕ್ಕಳಿಲ್ಲದ ರಾವುಳ (ಆ ಹಾಡಿನ ರಾವಣ), ಶಿವ ಕೊಟ್ಟ ಮಾವಿನಹಣ್ಣನ್ನು ಹೆಂಡತಿಗೆ ಕೊಡದೆ ತಾನೇ ತಿಂದು ಬಸುರಾಗುತ್ತಾನೆ. ದಿನಕ್ಕೊಂದು ತಿಂಗಳಂತೆ ತುಂಬಿ, ಒಂಬತ್ತನೇ ದಿನ ಸೀನಿದಾಗ ಸೀತೆ ಹುಟ್ಟುತ್ತಾಳೆ. ಅಜ್ಜಿಯ ಭಕ್ತಿಗಿಂತ ಆ ಗಾಯಕರ ಭಕ್ತಿ ಯಾವುದರಲ್ಲಿ ಕಡಿಮೆ? ಪಾಠ ತೆಗೆದರೆ ಅವರಿಗಾಗುವ ನೋವನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

“ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ನಿನ್ನ ಆಕ್ಷೇಪಣೆಯನ್ನೇ ತರಗತಿಯಲ್ಲಿ ಮಂಡಿಸಮ್ಮ. ಪಠ್ಯ ಪೂರ್ತಿ ಓದ್ಕೊಂಡು ಬಾ” ಅಂದೆ. ಒಪ್ಪಿದಳು.

19 ಅಕ್ಟೋಬರ್, ಬುಧವಾರ

ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಹೇಳಿದರು: “ಯಾಕಮ್ಮಾ ಬೇಕು ಈ ಉಸಾಬರಿ? ಬೇರೆ ಪಾಠ ಎಷ್ಟಿಲ್ಲ?” ಅವರದು ಕಾಳಜಿಯೇ. ಆದರೆ ಹೀಗೆ ಒಂದೊಂದೇ ಬಿಡುತ್ತ ಹೋದರೆ ನಾಗಚಂದ್ರನನ್ನೂ ಬಿಡಬೇಕಾಗುತ್ತದೆ. ಅವನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ರಾಮನ ಬಾಣವನ್ನು ಶಂಬೂಕನಿಂದ ಬ್ರಾಹ್ಮಣನತ್ತ ತಿರುಗಿಸಿದರು. ಮಾಸ್ತಿಯವರಿಗೆ ಅದು ಸರಿಬರಲಿಲ್ಲ, ಬರೆದು ಆಕ್ಷೇಪಿಸಿದರು. ಕುವೆಂಪು ಬರೆದೇ ಉತ್ತರ ಕೊಟ್ಟರು. ನಾಟಕವೂ ಉಳಿಯಿತು, ಆಕ್ಷೇಪವೂ ಉಳಿಯಿತು. ಇಬ್ಬರನ್ನೂ ಇವತ್ತಿಗೂ ಓದಿ ವಾದ ಮಾಡಬಹುದು.

ಅಧ್ಯಾಪಕರ ಸ್ವಾತಂತ್ರ್ಯಕ್ಕೆ ಎಲ್ಲೆ ಇಲ್ಲವೇ? ಇದೆ. ತರಗತಿಯಲ್ಲಿ ಮೈಕು ನನ್ನದು, ಇಂಟರ್ನಲ್ ಅಂಕಗಳೂ ನನ್ನ ಕೈಯಲ್ಲೇ. ಎದುರಿಗೆ ಕೂತ ಮಗುವಿನ ಜಾತಿಯನ್ನೋ ದೇವರನ್ನೋ ಹೀಯಾಳಿಸಿದರೆ ಅದು ಪಾಠವಲ್ಲ, ದರ್ಪ. ಪಠ್ಯದಿಂದಾಗುವ ನೋವೇ ಬೇರೆ, ಅವಮಾನ ಮಾಡಲೆಂದೇ ಆಡಿದ ಮಾತಿನ ನೋವೇ ಬೇರೆ. ಧಾರ್ಮಿಕ ಭಾವನೆಗಳ ಅವಮಾನಕ್ಕೆ ಶಿಕ್ಷೆ ಹೇಳುವ ಕಾನೂನು ಕೂಡ ಅದು ಬೇಕೆಂದೇ, ದುರುದ್ದೇಶದಿಂದ ಮಾಡಿದ್ದಾಗಿರಬೇಕು ಎನ್ನುತ್ತದೆ. ಪಾಠವನ್ನೇ ಕಿತ್ತುಹಾಕುವವರು ಈ ವ್ಯತ್ಯಾಸವನ್ನು ಅಳಿಸಿಬಿಡುತ್ತಾರೆ.

24 ಅಕ್ಟೋಬರ್, ಸೋಮವಾರ

ಹುಡುಗಿ ಮಾತಾಡಿದಳು, ಹೆದರದೆ, ಕಥೆಯನ್ನು ಸಾಲುಸಾಲಾಗಿ ಓದಿಕೊಂಡು. ಮಗಳೆಂದು ತಿಳಿಯದೆ ಮಗಳನ್ನೇ ಕದ್ದೊಯ್ಯುವ ರಾವಣನ ಸ್ಥಿತಿ ಅವಳಿಗೆ ಅಸಹ್ಯವೆನ್ನಿಸಿತಂತೆ. ಹಿಂದಿನ ಬೆಂಚಿನ ಹುಡುಗ ಎದ್ದು, “ನಮ್ಮೂರಲ್ಲಿ ಇದನ್ನ ಹಾಡೋದು ನಮ್ಮ ತಾತನೇ. ಸ್ನಾನ ಮಾಡಿ, ದೀಪ ಹಚ್ಚಿಟ್ಟು ಹಾಡ್ತಾರೆ” ಅಂದ. ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಕಡೆಗೂ ಅವಳು, “ನಂಗೆ ಈ ಕಥೆ ಇಷ್ಟ ಆಗಲ್ಲ. ಆದರೆ ತೆಗೀಬೇಡಿ” ಅಂದಳು. ಮೆಚ್ಚಲೇಬೇಕೆಂದು ಯಾವ ಪಠ್ಯವೂ ಕೇಳುವುದಿಲ್ಲ. ಪರೀಕ್ಷೆಯಲ್ಲಿ ಅವಳು ಇದನ್ನು ಖಂಡಿಸಿ ಬರೆದರೆ, ವಾದ ಗಟ್ಟಿಯಿದ್ದರೆ, ಪೂರ್ತಿ ಅಂಕ ಅವಳದೇ.

ನೊಂದವರಿಗೆ ವಿಶ್ವವಿದ್ಯಾಲಯ ಕೊಡಬಹುದಾದ ಗೌರವ ಇದು: ಜೊತೆಗೆ ಕೂತು ಓದುವುದು, ಎದುರುತ್ತರಕ್ಕೆ ಜಾಗ ಬಿಡುವುದು. ದೆಹಲಿಯ ವಿದ್ಯಾರ್ಥಿಗಳಿಗೂ ಇಂಥ ಒಂದು ಪೀರಿಯಡ್ ಸಿಗಬೇಕಿತ್ತು. ಕೌನ್ಸಿಲ್ ಅದನ್ನೇ ಕಸಿದುಕೊಂಡಿತು, ನೊಂದವರಿಂದಲೂ.